ಕಾರಾಗೃಹದ ಕ್ಯಾಮೆರಾ, ಗ್ರಾಮದ ಬೀದಿದೀಪ: ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ಆದ್ಯತೆಯ ನಿಯಮಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 4ನೆಯ ನಮೂದು ಕಾರಾಗೃಹಗಳಿಗೆ ಸಂಬಂಧಿಸಿದೆ. ಅದರ ಮರುಸಾಲಿನಲ್ಲಿರುವ 5ನೆಯ ನಮೂದು ಸ್ಥಳೀಯ ಸರ್ಕಾರಗಳಿಗೆ ಸಂಬಂಧಿಸಿದೆ. ಪಟ್ಟಿಯಲ್ಲಿ ನೆರೆಹೊರೆಯಾಗಿರುವ ಈ ಎರಡು ವಿಷಯಗಳು ಖರೀದಿಯ ವಿಚಾರದಲ್ಲಿಯೂ ನೆರೆಹೊರೆಯವೇ ಆಗಿವೆ. ಕಾರಾಗೃಹ ಇಲಾಖೆಯು ಒಂದು ಸಿ.ಸಿ. ಟಿ.ವಿ. ಕ್ಯಾಮೆರಾ ಕೊಳ್ಳುವಾಗ ಅನುಸರಿಸಬೇಕಾದ ಕಾಯ್ದೆ ಯಾವುದೋ, ಗ್ರಾಮ ಪಂಚಾಯಿತಿಯು ಬೀದಿದೀಪ ಕೊಳ್ಳುವಾಗ ಅನುಸರಿಸಬೇಕಾದ ಕಾಯ್ದೆಯೂ ಅದೇ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಈ ಅಧಿನಿಯಮದಲ್ಲಿ ‘ಸಂಗ್ರಹಣಾ ಸಂಸ್ಥೆ’ ಎಂಬ ಪದದೊಳಗೆ ಸರ್ಕಾರಿ ಇಲಾಖೆಯೊಂದಿಗೆ ಸ್ಥಳೀಯ ಪ್ರಾಧಿಕಾರವೂ ಸೇರಿದೆ.

ಕಾರಾಗೃಹದ ಉದಾಹರಣೆಯನ್ನು ಇಲ್ಲಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಖರೀದಿಯಲ್ಲಿ ತಪ್ಪಾದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವಂತೆ 2022ರ ವರ್ಷಾಂತ್ಯಕ್ಕೆ ದೇಶದ ಕಾರಾಗೃಹಗಳಲ್ಲಿ 5,73,220 ಮಂದಿ ಬಂದಿಗಳಿದ್ದರು. ಅವರಲ್ಲಿ 4,34,302 ಮಂದಿ, ಅಂದರೆ ಪ್ರತಿ ನಾಲ್ವರಲ್ಲಿ ಮೂವರು, ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಬಂದಿಗಳು. ಇವರಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದ ಹೋದವರೇ. ಒಳಗಿರುವ ವ್ಯಕ್ತಿಗೆ ಪೆಟ್ಟಾದರೆ, ಅಥವಾ ಆತ ಮೃತಪಟ್ಟರೆ, ನಡೆದದ್ದೇನು ಎಂದು ಹೇಳಬಲ್ಲ ಪಕ್ಷಪಾತವಿಲ್ಲದ ಸಾಕ್ಷಿ ಗೋಡೆಯ ಮೇಲಿನ ಕ್ಯಾಮೆರಾ ಒಂದೇ ಆಗಿರಬಹುದು. ಆ ಕಾರಣದಿಂದಲೇ ಸರ್ವೋಚ್ಚ ನ್ಯಾಯಾಲಯವು ಡಿ.ಕೆ. ಬಸು ಪ್ರಕರಣದಲ್ಲಿ 2015ರ ಜುಲೈ 24ರಂದು, ಒಂದು ವರ್ಷದೊಳಗೆ, ಹೆಚ್ಚೆಂದರೆ ಎರಡು ವರ್ಷದೊಳಗೆ, ಎಲ್ಲ ಕಾರಾಗೃಹಗಳಲ್ಲಿಯೂ ಕ್ಯಾಮೆರಾ ಅಳವಡಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಅನಂತರ ಕೇಂದ್ರ ಗೃಹ ಸಚಿವಾಲಯವು 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ 950 ಕೋಟಿ ರೂಪಾಯಿಗಳ ಕಾರಾಗೃಹ ಆಧುನೀಕರಣ ಯೋಜನೆಯನ್ನು ರೂಪಿಸಿ, ಭದ್ರತಾ ಉಪಕರಣಗಳ ಖರೀದಿಗಾಗಿ ರಾಜ್ಯಗಳಿಗೆ ಅನುದಾನ ಒದಗಿಸಿತು.

ಹಣವೂ ಇದೆ, ಆದೇಶವೂ ಇದೆ. ಉಳಿದಿರುವ ಪ್ರಶ್ನೆ ಒಂದೇ: ಏನನ್ನು, ಯಾರಿಂದ, ಹೇಗೆ ಕೊಳ್ಳಬೇಕು?

ಸ್ವದೇಶಿ ಆದ್ಯತೆಯ ಆದೇಶ

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 153(iii)ನೆಯ ನಿಯಮದಡಿ ಅದೇ ವರ್ಷದ ಜೂನ್ 15ರಂದು ‘ಸಾರ್ವಜನಿಕ ಸಂಗ್ರಹಣೆ (ಮೇಕ್ ಇನ್ ಇಂಡಿಯಾಕ್ಕೆ ಆದ್ಯತೆ) ಆದೇಶ’ ಹೊರಬಿದ್ದಿತು. 2020ರ ಸೆಪ್ಟೆಂಬರ್ 16ರಂದು ಮತ್ತು 2024ರ ಜುಲೈ 19ರಂದು ಅದು ಮುಖ್ಯ ಪರಿಷ್ಕರಣೆಗಳನ್ನು ಕಂಡಿತು. ಈ ಆದೇಶ ಮೂಲತಃ ಕೇಂದ್ರದ ಸಚಿವಾಲಯಗಳಿಗೆ ಹಾಗೂ ಅವುಗಳ ಅಧೀನ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಆದರೆ ಕೇಂದ್ರದ ಹಣ ಪೂರ್ಣವಾಗಿ ಅಥವಾ ಭಾಗಶಃ ತೊಡಗಿರುವ ಯೋಜನೆಗಳಲ್ಲಿ ರಾಜ್ಯಗಳು ಹಾಗೂ ಸ್ಥಳೀಯ ಸಂಸ್ಥೆಗಳು ಮಾಡುವ ಖರೀದಿಯೂ ಅದರ ವ್ಯಾಪ್ತಿಗೆ ಒಳಪಡುತ್ತದೆ. ಆದ್ದರಿಂದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಅಥವಾ ಜಲ ಜೀವನ ಮಿಷನ್ ಹಣದಿಂದ ಉಪಕರಣ ಕೊಳ್ಳುವ ಪಂಚಾಯಿತಿಯು ಈ ಆದೇಶವನ್ನು ದೆಹಲಿಯವರಿಗೆ ಬಿಟ್ಟ ವಿಷಯವೆಂದು ಬದಿಗಿಡಲಾಗದು.

ಆದೇಶವು ಸರಬರಾಜುದಾರರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ವಸ್ತುವಿನಲ್ಲಿ ಶೇ. 50 ಅಥವಾ ಅದಕ್ಕಿಂತ ಹೆಚ್ಚು ದೇಶೀಯ ಅಂಶವಿದ್ದರೆ ಮೊದಲನೆಯ ವರ್ಗ; ಶೇ. 20ರಿಂದ ಶೇ. 50ಕ್ಕಿಂತ ಕಡಿಮೆ ಇದ್ದರೆ ಎರಡನೆಯ ವರ್ಗ, ಶೇ. 20ಕ್ಕಿಂತ ಕಡಿಮೆಯಿದ್ದರೆ ದೇಶೀಯೇತರ ಸರಬರಾಜುದಾರ. ಕೆಲವು ವಸ್ತುಗಳಿಗೆ ಸಂಬಂಧಪಟ್ಟ ಸಚಿವಾಲಯಗಳು ಬೇರೆ ಮಿತಿಗಳನ್ನು ಗೊತ್ತುಪಡಿಸಬಹುದು. ಅಂದಾಜು ಮೊತ್ತ 5 ಲಕ್ಷ ರೂಪಾಯಿಗಳಿಗಿಂತ ಕಡಿಮೆಯಿರುವ ಖರೀದಿಗೆ ವಿನಾಯಿತಿ ಉಂಟು. ಆದರೆ ಆ ವಿನಾಯಿತಿಗಾಗಿಯೇ ಒಂದು ಬೇಡಿಕೆಯನ್ನು ತುಂಡು ತುಂಡಾಗಿ ಒಡೆಯುವಂತಿಲ್ಲ. ಜಾಗತಿಕ ಟೆಂಡರ್ ಅಲ್ಲದ ಖರೀದಿಗಳಲ್ಲಿ ಮೊದಲ ಎರಡು ವರ್ಗದವರು ಮಾತ್ರ ಭಾಗವಹಿಸಬಹುದು. ಆದ್ಯತೆ ದೊರೆಯುವುದು ಮೊದಲನೆಯ ವರ್ಗಕ್ಕೆ ಮಾತ್ರ.

ದೇಶೀಯ ಅಂಶದ ಲೆಕ್ಕ

‘ಭಾರತದಲ್ಲಿ ತಯಾರಿಸಿದ್ದು’ ಎಂಬ ಚೀಟಿ ಪೆಟ್ಟಿಗೆಯ ಮೇಲಿದ್ದ ಮಾತ್ರಕ್ಕೆ ವಸ್ತುವು ಮೊದಲನೆಯ ವರ್ಗಕ್ಕೆ ಸೇರುವುದಿಲ್ಲ. ದೇಶೀಯ ಪರೋಕ್ಷ ತೆರಿಗೆಗಳನ್ನು ಬಿಟ್ಟು ಉಳಿಯುವ ಒಟ್ಟು ಬೆಲೆಯಿಂದ, ಸೀಮಾಸುಂಕವೂ ಸೇರಿದಂತೆ ಆಮದು ಭಾಗಗಳ ಬೆಲೆಯನ್ನು ಕಳೆದು, ಉಳಿದದ್ದು ಒಟ್ಟು ಬೆಲೆಯ ಶೇಕಡ ಎಷ್ಟು ಎಂದು ನೋಡಬೇಕು.

ಲೆಕ್ಕಕ್ಕಾಗಿ ಒಂದು ಕ್ಯಾಮೆರಾದ ಬೆಲೆ ತೆರಿಗೆ ಹೊರತು 5,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಅದರ ಚಿಪ್, ಸೆನ್ಸರ್ ಮತ್ತು ಲೆನ್ಸ್ ಆಮದಾಗಿದ್ದು, ಸುಂಕ ಸೇರಿ 3,200 ರೂಪಾಯಿ ಆಗಿವೆ. ಉಳಿದದ್ದು 1,800 ರೂಪಾಯಿ, ಅಂದರೆ ಶೇ. 36. ಜೋಡಣೆ ನಡೆದದ್ದು ಭಾರತದ ಕಾರ್ಖಾನೆಯಲ್ಲಿಯೇ ಆದರೂ ಈ ಕ್ಯಾಮೆರಾ ಎರಡನೆಯ ವರ್ಗದ್ದು. ಇದಕ್ಕೆ ಆದ್ಯತೆ ಇಲ್ಲ.

ಇಲ್ಲಿ ಲೆಕ್ಕ ತಿರುಚುವ ಒಂದು ದಾರಿಯನ್ನು ಆದೇಶವೇ ಮುಚ್ಚಿದೆ. ಸಾಗಣೆ, ವಿಮೆ, ಅಳವಡಿಕೆ, ತರಬೇತಿ, ಮಾರಾಟಾನಂತರದ ನಿರ್ವಹಣೆ ಮೊದಲಾದ ಸೇವೆಗಳ ವೆಚ್ಚವನ್ನು ದೇಶೀಯ ಅಂಶವಾಗಿ ತೋರಿಸುವಂತಿಲ್ಲವೆಂದು 2021ರ ಮಾರ್ಚ್ ತಿಂಗಳಲ್ಲಿಯೇ ಸ್ಪಷ್ಟಪಡಿಸಲಾಯಿತು. ವಿದೇಶದ ಭಾಗವನ್ನು ಸ್ಥಳೀಯ ಮಾರಾಟಗಾರನಿಂದ ಕೊಂಡರೆ ಅದು ದೇಶೀಯವಾಗುವುದಿಲ್ಲ ಎಂಬುದನ್ನೂ ಪರಿಷ್ಕೃತ ಆದೇಶ ಗಟ್ಟಿಮಾಡಿದೆ. ಬಂದರಿನಲ್ಲಿ ಇಳಿದ ವಸ್ತು ಪೇಟೆಯ ಅಂಗಡಿಯ ಬಿಲ್ಲಿನೊಂದಿಗೆ ಬಂದರೆ ಅದರ ಹುಟ್ಟೂರು ಬದಲಾಗದು.

ದೇಶೀಯ ಅಂಶದ ಪ್ರಮಾಣವನ್ನು ಬಿಡ್ಡುದಾರನು ಸ್ವಯಂ ಘೋಷಣೆಯ ಮೂಲಕ ತಿಳಿಸಬೇಕು. ಖರೀದಿಯ ಮೊತ್ತ 10 ಕೋಟಿ ರೂಪಾಯಿಗಳನ್ನು ಮೀರಿದರೆ ಲೆಕ್ಕ ಪರಿಶೋಧಕರ ಅಥವಾ ವೆಚ್ಚ ಪರಿಶೋಧಕರ ಪ್ರಮಾಣಪತ್ರ ಬೇಕು. ಘೋಷಣೆ ಸುಳ್ಳಾದಲ್ಲಿ ಎರಡು ವರ್ಷಗಳವರೆಗೆ ಆತನನ್ನು ಖರೀದಿ ಪ್ರಕ್ರಿಯೆಯಿಂದ ಹೊರಗಿಡಬಹುದು. ಸಣ್ಣ ಖರೀದಿಗಳಲ್ಲಿ ಲೆಕ್ಕ ಪರಿಶೋಧಕರು ಇರುವುದಿಲ್ಲವಾದ್ದರಿಂದ, ಘೋಷಣೆಯನ್ನು ಓದಿ ಪ್ರಶ್ನಿಸುವ ಹೊಣೆ ಖರೀದಿಸುವವರ ಮೇಲೆಯೇ ಹೆಚ್ಚು ಬೀಳುತ್ತದೆ.

ಆದ್ಯತೆ ಎಂದರೆ ಹೆಚ್ಚು ಬೆಲೆ ತೆರುವುದಲ್ಲ

ಸ್ವದೇಶಿ ಆದ್ಯತೆ ಎಂದೊಡನೆ ಶೇ. 20ರಷ್ಟು ಹೆಚ್ಚು ಬೆಲೆ ಕೊಡಬಹುದು ಎಂಬ ತಿಳಿವಳಿಕೆ ಹಲವೆಡೆ ಇದೆ. ಅದು ಸರಿಯಲ್ಲ. ಶೇ. 20 ಎಂಬುದು ಕೊಡುವ ಬೆಲೆಯಲ್ಲ. ಮಾತುಕತೆಗೆ ಕರೆಯಬಹುದಾದ ಅಂತರ.

ನೂರು ಕ್ಯಾಮೆರಾಗಳಿಗೆ ಟೆಂಡರ್ ಕರೆಯಲಾಗಿದೆ ಎಂದು ಭಾವಿಸೋಣ. ಕನಿಷ್ಠ ದರ ನಮೂದಿಸಿದವನು, ಅಂದರೆ ಎಲ್-1, ಎರಡನೆಯ ವರ್ಗದವನು. ಆತನ ದರ ಒಂದಕ್ಕೆ 10,000 ರೂಪಾಯಿ. ಮೊದಲನೆಯ ವರ್ಗದ ಇಬ್ಬರ ದರ ಕ್ರಮವಾಗಿ 11,500 ಮತ್ತು 12,500 ರೂಪಾಯಿ. ಶೇ. 20ರ ಅಂತರದ ಮೇಲ್ಮಿತಿ 12,000 ರೂಪಾಯಿ. ಮೊದಲ 50 ಕ್ಯಾಮೆರಾಗಳ ಆದೇಶ ಎಲ್-1ಗೆ ಹೋಗುತ್ತದೆ. ಉಳಿದ 50 ಕ್ಯಾಮೆರಾಗಳನ್ನು 10,000 ರೂಪಾಯಿಗೇ ಕೊಡಲು ಒಪ್ಪುವಿರಾ ಎಂದು 11,500 ನಮೂದಿಸಿದವನನ್ನು ಕೇಳಬೇಕು. ಆತ ಒಪ್ಪಿದರೆ ಆದೇಶ ಅವನಿಗೆ. ಒಪ್ಪದಿದ್ದರೆ, 12,500 ನಮೂದಿಸಿದವನು ಅಂತರದ ಹೊರಗಿರುವುದರಿಂದ, ಉಳಿದದ್ದೂ ಎಲ್-1ಗೇ ಸಲ್ಲುತ್ತದೆ. ಯಾವ ದಾರಿಯಲ್ಲಿ ಹೋದರೂ ಸರ್ಕಾರ ತೆರುವುದು ಕ್ಯಾಮೆರಾ ಒಂದಕ್ಕೆ 10,000 ರೂಪಾಯಿ ಮಾತ್ರ.

ಸಾಮಾನು ತಪಾಸಣೆಯ ಎಕ್ಸ್-ರೇ ಯಂತ್ರದಂತೆ ಭಾಗಮಾಡಲಾಗದ ವಸ್ತುವಾದರೆ, ಅಂತರದೊಳಗಿರುವ ಮೊದಲನೆಯ ವರ್ಗದವನಿಗೆ ಎಲ್-1 ದರಕ್ಕೆ ಇಳಿಯುವ ಅವಕಾಶ ಕೊಟ್ಟು, ಒಪ್ಪಿದಲ್ಲಿ ಪೂರ್ಣ ಆದೇಶ ನೀಡಲಾಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2012ರ ಕೇಂದ್ರದ ಸಂಗ್ರಹಣಾ ನೀತಿ ಬೇರೆಯದೇ ಆಗಿದ್ದು, ಅಲ್ಲಿನ ಅಂತರ ಶೇ. 15. ಇವೆರಡನ್ನೂ ಕಲಸಿಬಿಟ್ಟರೆ ತುಲನಾ ಪಟ್ಟಿ ತಪ್ಪಾಗುತ್ತದೆ.

ಈ ಆದ್ಯತೆಯ ಷರತ್ತು ಟೆಂಡರ್ ದಾಖಲೆಯಲ್ಲಿಯೇ ಬರೆದಿರಬೇಕು. ರಾಜ್ಯದ ಪಾರದರ್ಶಕತೆ ಅಧಿನಿಯಮದ 13ನೆಯ ಪ್ರಕರಣವು, ಟೆಂಡರ್ ದಾಖಲೆಯಲ್ಲಿ ನಮೂದಿಸಿರುವ ವಸ್ತುನಿಷ್ಠ ಹಾಗೂ ಅಳೆಯಬಹುದಾದ ಅಂಶಗಳ ಆಧಾರದ ಮೇಲೆ ನಿರ್ಧಾರವಾದ ಕನಿಷ್ಠ ಟೆಂಡರನ್ನು ಅಂಗೀಕರಿಸಬೇಕೆಂದು ಹೇಳುತ್ತದೆ. ಲಕೋಟೆ ತೆರೆದ ಮೇಲೆ ‘ಈತ ಸ್ವದೇಶಿ’ ಎಂದು ಹೊಸ ಮಾನದಂಡ ತಂದರೆ, ಉದ್ದೇಶ ಎಷ್ಟೇ ಒಳ್ಳೆಯದಾದರೂ, ಅದು ಪಕ್ಷಪಾತವಾಗುತ್ತದೆ. ನೊಂದ ಟೆಂಡರುದಾರನು 16ನೆಯ ಪ್ರಕರಣದ ಅನ್ವಯ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ದೇಶಕ್ಕೆ ಈ ಅಧಿಕಾರ ಎಲ್ಲಿಂದ ಬಂದಿತು?

ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರವಾದ ಭಾರತ ಸ್ವದೇಶಿ ವಸ್ತುವಿಗೆ ಮಣೆ ಹಾಕಬಹುದೇ ಎಂಬ ಪ್ರಶ್ನೆ ಸಹಜ. ಸರ್ಕಾರವು ಮರುಮಾರಾಟಕ್ಕಲ್ಲದೆ ತನ್ನ ಸ್ವಂತ ಉಪಯೋಗಕ್ಕಾಗಿ ಕೊಳ್ಳುವ ವಸ್ತುಗಳಿಗೆ ಗ್ಯಾಟ್ ಒಪ್ಪಂದದ ಮೂರನೆಯ ಅನುಚ್ಛೇದವೇ ವಿನಾಯಿತಿ ನೀಡಿದೆ. ಆ ಸಂಸ್ಥೆಯ ಸರ್ಕಾರಿ ಸಂಗ್ರಹಣಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2010ರಿಂದ ಕೇವಲ ವೀಕ್ಷಕ ಸ್ಥಾನದಲ್ಲಿದೆ. ಈ ವಿನಾಯಿತಿಯ ಗಡಿ ಎಲ್ಲಿದೆ ಎಂಬುದು ಸೌರಶಕ್ತಿ ಪ್ರಕರಣದಲ್ಲಿ ತಿಳಿಯಿತು. ವಿದ್ಯುತ್ ಉತ್ಪಾದಕರು ದೇಶೀಯ ಸೌರಕೋಶಗಳನ್ನೇ ಬಳಸಬೇಕೆಂಬ ಷರತ್ತು ಪ್ರಶ್ನೆಗೊಳಗಾಗಿ, 2016ರಲ್ಲಿ ಮೇಲ್ಮನವಿ ಮಂಡಳಿಯ ತೀರ್ಪು ಭಾರತಕ್ಕೆ ವಿರುದ್ಧವಾಗಿ ಬಂದಿತು. ಸರ್ಕಾರ ಕೊಂಡದ್ದು ವಿದ್ಯುತ್ತನ್ನು. ಷರತ್ತು ಹಾಕಿದ್ದು ಸೌರಕೋಶಗಳಿಗೆ ಎಂಬುದೇ ಅಲ್ಲಿನ ತೊಡಕು. ಕಾರಾಗೃಹದ ಕ್ಯಾಮೆರಾ, ಪಂಚಾಯಿತಿಯ ಬೀದಿದೀಪಗಳ ವಿಷಯದಲ್ಲಿ ಈ ತೊಡಕಿಲ್ಲ. ಕೊಳ್ಳುವ ವಸ್ತುವೂ ಷರತ್ತಿಗೊಳಪಟ್ಟ ವಸ್ತುವೂ ಒಂದೇ ಆಗಿವೆ.

ಇದಲ್ಲದೆ 2020ರ ಜುಲೈ 23ರಂದು ಸಾಮಾನ್ಯ ಹಣಕಾಸು ನಿಯಮಗಳಿಗೆ 144(xi)ನೆಯ ನಿಯಮ ಸೇರ್ಪಡೆಯಾಯಿತು. ಭಾರತದೊಂದಿಗೆ ಭೂಗಡಿ ಹಂಚಿಕೊಂಡಿರುವ ದೇಶಗಳ ಬಿಡ್ಡುದಾರರು ಸಕ್ಷಮ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳದೆ ಸರ್ಕಾರಿ ಟೆಂಡರಿನಲ್ಲಿ ಭಾಗವಹಿಸುವಂತಿಲ್ಲ. ಭಾರತ ಸಾಲ ಅಥವಾ ಅಭಿವೃದ್ಧಿ ನೆರವು ನೀಡುತ್ತಿರುವ ದೇಶಗಳಿಗೆ ಇದರಿಂದ ವಿನಾಯಿತಿ ಇದೆ. ಸಂವಿಧಾನದ 257(1)ನೆಯ ಅನುಚ್ಛೇದದಡಿ ಈ ನಿರ್ದೇಶನವನ್ನು ರಾಜ್ಯಗಳಿಗೂ ವಿಸ್ತರಿಸಲಾಗಿದೆ.

ಸ್ವದೇಶಿಯಾದರೆ ಸುರಕ್ಷಿತವೇ?

ದೇಶೀಯ ಅಂಶ ಎಂಬುದು ಬೆಲೆಯ ಲೆಕ್ಕ. ಸುರಕ್ಷತೆ ಎಂಬುದು ಪರೀಕ್ಷೆಯ ಫಲ. ಒಂದು ಇನ್ನೊಂದಕ್ಕೆ ಬದಲಿಯಾಗದು. ಶೇ. 70 ದೇಶೀಯ ಅಂಶವಿರುವ ಕ್ಯಾಮೆರಾ ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಲ್ಲಿಯೇ ನಡೆಯುತ್ತಿದ್ದರೆ, ಅಂತರ್ಜಾಲಕ್ಕೆ ಜೋಡಿಸಿದ ಕ್ಷಣದಿಂದ ಅದು ಅಪರಿಚಿತರಿಗೆ ತೆರೆದ ಕಿಟಕಿಯಾಗುತ್ತದೆ. ಕಾರಾಗೃಹದಲ್ಲಿ ಅಂಥ ಕಿಟಕಿ ತೆರೆದರೆ ಪಹರೆಯ ಪಾಳಿ, ಭೇಟಿಯ ಸಮಯ, ಸಾಕ್ಷಿದಾರನಾದ ಬಂದಿ ಇರುವ ಕೊಠಡಿ ಎಲ್ಲವೂ ಹೊರಗಿನವರಿಗೆ ಕಾಣುತ್ತದೆ.

ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರ ಏಪ್ರಿಲ್ 9ರಂದು ಸಿ.ಸಿ. ಟಿ.ವಿ. ಕ್ಯಾಮೆರಾಗಳಿಗೆ ಕಡ್ಡಾಯ ಸುರಕ್ಷತಾ ಅಗತ್ಯಗಳನ್ನು ಅಧಿಸೂಚಿಸಿ, 2025ರ ಏಪ್ರಿಲ್ 9ರಿಂದ ಜಾರಿಗೆ ತಂದಿತು. ಭೌತಿಕವಾಗಿ ಕೈಯಾಡಿಸಲಾಗದ ರಚನೆ, ಪ್ರವೇಶ ನಿಯಂತ್ರಣ, ದತ್ತಾಂಶದ ಗೂಢಲಿಪೀಕರಣ, ಅಧಿಕೃತ ತಂತ್ರಾಂಶ ಪರಿಷ್ಕರಣೆ, ಮುಖ್ಯ ಚಿಪ್ಪಿನ ಮೂಲದ ದಾಖಲೆ ಮುಂತಾದವುಗಳ ಪರೀಕ್ಷೆ ಇದರಲ್ಲಿ ಸೇರಿದೆ. ಆದ್ದರಿಂದ ಟೆಂಡರಿನಲ್ಲಿ ಎರಡು ಕಾಗದಗಳನ್ನು ಬೇರೆ ಬೇರೆಯಾಗಿಯೇ ಕೇಳತಕ್ಕದ್ದು: ದೇಶೀಯ ಅಂಶದ ಘೋಷಣೆ ಒಂದು, ನಿಖರವಾಗಿ ಅದೇ ಮಾದರಿಗೆ ಸಂಬಂಧಿಸಿದ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಮತ್ತೊಂದು.

ಕೆಲವು ಉಪಕರಣಗಳು ಸ್ಪರ್ಧೆಯ ಮಾರುಕಟ್ಟೆಗೇ ಸೇರಿದವಲ್ಲ. ಮೊಬೈಲ್ ಸಂಕೇತ ತಡೆಯುವ ಜಾಮರನ್ನು ಕಾರಾಗೃಹ ಇಲಾಖೆಯೂ ಕೇಂದ್ರದ ಸಂಪುಟ ಸಚಿವಾಲಯದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಸಾರ್ವಜನಿಕ ಉದ್ಯಮಗಳು ಇವನ್ನು ಪೂರೈಸುತ್ತವೆ. ಸಂಕೇತದ ಅಲೆಗಳು ಗೋಡೆಯನ್ನು ಕೇಳಿ ನಿಲ್ಲುವುದಿಲ್ಲ. ಸರಿಯಾಗಿ ಹೊಂದಿಸದ ಜಾಮರು ಸುತ್ತಲಿನ ಮನೆಗಳಿಂದ ಆಂಬುಲೆನ್ಸಿಗೆ ಹೋಗುವ ಕರೆಯನ್ನೂ ತಡೆಯಬಲ್ಲದು. ಗ್ರಾಮ ಪಂಚಾಯಿತಿಯಾಗಲಿ ಶಾಲೆಯಾಗಲಿ ಯಾವ ಕಾರಣಕ್ಕೂ ಇದನ್ನು ಪೇಟೆಯಿಂದ ತಂದು ಅಳವಡಿಸತಕ್ಕದ್ದಲ್ಲ.

ವಿವರಣೆಯೇ ಖರೀದಿಯ ತಿರುಳು

ಖರೀದಿಯ ಗೆಲುವು ಸೋಲು ನಿರ್ಧಾರವಾಗುವುದು ದರದ ಲಕೋಟೆಯಲ್ಲಲ್ಲ, ತಾಂತ್ರಿಕ ವಿವರಣೆಯ ಪುಟದಲ್ಲಿ. ಪೊಲೀಸ್ ಠಾಣೆಗಳ ಕ್ಯಾಮೆರಾ ಕುರಿತು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ಕ್ಯಾಮೆರಾ ಬೇಕು ಎಂದಷ್ಟೇ ಹೇಳಿ ನಿಲ್ಲಲಿಲ್ಲ. ರಾತ್ರಿಯಲ್ಲಿಯೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು, ದಾಖಲೆ 18 ತಿಂಗಳು ಉಳಿಯಬೇಕು, ಅಂಥ ಉಪಕರಣ ದೊರೆಯದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದು ಹೇಳಿತು. ಉದ್ದೇಶದಿಂದ ಹುಟ್ಟಿದ ವಿವರಣೆ ಎಂದರೆ ಇದು.

ಈ ಮಾತಿನ ತೂಕವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದತ್ತಾಂಶ ಕಳುಹಿಸಿದರೆ ದಿನವೊಂದಕ್ಕೆ 21.6 ಗಿಗಾಬೈಟ್ ಆಗುತ್ತದೆ. ಹತ್ತು ಕ್ಯಾಮೆರಾಗಳಿಗೆ 216 ಗಿಗಾಬೈಟ್. ವಿವರಣೆಯಲ್ಲಿ ‘ಹಾರ್ಡ್ ಡಿಸ್ಕ್ ಸಹಿತ ರೆಕಾರ್ಡರ್’ ಎಂದಷ್ಟೇ ಬರೆದಿದ್ದರೆ ಸರಬರಾಜುದಾರನು 1 ಟೆರಾಬೈಟ್ ಡಿಸ್ಕ್ ಇಟ್ಟು ಹೋಗಬಹುದು. ಅದು ಐದು ದಿನ ತುಂಬುವ ಮೊದಲೇ ಭರ್ತಿಯಾಗಿ ಹಳೆಯದನ್ನು ಅಳಿಸಲು ತೊಡಗುತ್ತದೆ. ಕಾರಾಗೃಹದಲ್ಲಿ ಮೃತಪಟ್ಟ ವಿಚಾರಣಾಧೀನ ಬಂದಿಯ ತಂದೆ ಹತ್ತನೆಯ ದಿನ ಅರ್ಜಿ ಕೊಟ್ಟರೆ ಆ ಹೊತ್ತಿಗೆ ಸಾಕ್ಷ್ಯ ಉಳಿದಿರುವುದಿಲ್ಲ. ನೀರು ಸರಬರಾಜು ಘಟಕದ ಪಂಪು ಕಳವಾದದ್ದು ವಾರದ ನಂತರ ತಿಳಿದರೆ ಪಂಚಾಯಿತಿಯ ಪಾಡೂ ಅಷ್ಟೇ. ಆ ಹತ್ತು ಕ್ಯಾಮೆರಾಗಳ ಒಂದು ವರ್ಷದ ದಾಖಲೆಗೆ ಸುಮಾರು 79 ಟೆರಾಬೈಟ್ ಬೇಕಾಗುತ್ತದೆ. ಎಷ್ಟು ದಿನದ ದಾಖಲೆ ಬೇಕು ಎಂದು ಮೊದಲೇ ನಿರ್ಧರಿಸಿ ಬರೆಯುವುದು ಸದಸ್ಯರ ಕೆಲಸ; ಡಿಸ್ಕ್ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ತಾಂತ್ರಿಕ ಸಿಬ್ಬಂದಿಯದು.

ವಿವರಣೆಯಲ್ಲಿ ಕಂಪನಿಯ ಹೆಸರು ಬರೆಯುವುದು, ಒಂದೇ ಕಂಪನಿಗೆ ಹೊಂದುವಂತೆ ಅಳತೆ ಹೊಲಿಯುವುದು ಎರಡೂ ತಪ್ಪು. ಸ್ವದೇಶಿ ಕಂಪನಿಯೊಂದರ ಪರವಾಗಿ ಹಾಗೆ ಮಾಡಿದರೂ ತಪ್ಪು ತಪ್ಪೇ. ಆಗ ಸೋಲುವವರು ಇತರ ಸ್ವದೇಶಿ ತಯಾರಕರೇ ಆಗಿರುತ್ತಾರೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕ್ಯಾಮೆರಾ, ಬೀದಿದೀಪ, ಪಂಪು, ಗಣಕಯಂತ್ರ ಮುಂತಾದ ಯಾವುದೇ ಉಪಕರಣದ ಖರೀದಿ ಪ್ರಸ್ತಾವ ಸಾಮಾನ್ಯ ಸಭೆಗೆ ಬಂದಾಗ ಸದಸ್ಯರು ಈ ಕೆಳಗಿನವನ್ನು ಕೇಳಿ ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

1. ಹಣ ಯಾವ ಯೋಜನೆಯದು? ಅದರಲ್ಲಿ ಕೇಂದ್ರದ ಪಾಲಿದೆಯೇ? ಇದ್ದಲ್ಲಿ ಸ್ವದೇಶಿ ಆದ್ಯತೆಯ ಷರತ್ತು ಟೆಂಡರ್ ದಾಖಲೆಯಲ್ಲಿ ಇದೆಯೇ?

2. ಬೇಡಿಕೆಯನ್ನು ವಾರ್ಡುವಾರು ಒಡೆದು ಮಿತಿಯ ಕೆಳಗೆ ಇಳಿಸಲಾಗಿದೆಯೇ?

3. ದೇಶೀಯ ಅಂಶದ ಘೋಷಣೆಯಲ್ಲಿ ಶೇಕಡ ಪ್ರಮಾಣವೂ ಮೌಲ್ಯವರ್ಧನೆ ನಡೆದ ಸ್ಥಳವೂ ನಮೂದಾಗಿವೆಯೇ? ಅಥವಾ ‘ಸ್ವದೇಶಿ’ ಎಂಬ ಮಾತು ಮಾತ್ರ ಇದೆಯೇ?

4. ಪರೀಕ್ಷಾ ಪ್ರಮಾಣಪತ್ರದ ಮಾದರಿ ಸಂಖ್ಯೆಯೂ ಸರಬರಾಜಾದ ಪೆಟ್ಟಿಗೆಯ ಮಾದರಿ ಸಂಖ್ಯೆಯೂ ಒಂದೇ ಆಗಿವೆಯೇ?

5. ಕೆಟ್ಟರೆ ಎಷ್ಟು ದಿನಗಳಲ್ಲಿ ಸರಿಪಡಿಸಬೇಕು, ತಪ್ಪಿದರೆ ದಂಡವೇನು ಎಂಬುದು ಕರಾರಿನಲ್ಲಿದೆಯೇ?

6. ಉಪಕರಣದ ಪಾಸ್‌ವರ್ಡ್ ಬದಲಾಯಿಸಿ, ಅದರ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ಲಿಖಿತವಾಗಿ ವಹಿಸಲಾಗಿದೆಯೇ?

ಇವುಗಳಲ್ಲಿ ಯಾವುದಕ್ಕೂ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವ ತಾಳ್ಮೆ ಸಾಕು. ಜಮಾಬಂದಿಯ ದಿನ ಊರಿನವರು ಕೇಳುವುದೂ ಇದೇ ಬಗೆಯ ಪ್ರಶ್ನೆಗಳನ್ನು. ಸಭೆಯಲ್ಲಿಯೇ ಕೇಳಿದ್ದರೆ ಅಂದು ಉತ್ತರ ಸಿದ್ಧವಿರುತ್ತದೆ.

ಸ್ವದೇಶಿ ವಸ್ತುವಿಗೆ ನಿಯಮ ಕೊಟ್ಟಿರುವುದು ಸಮಾನ ಬೆಲೆಯಲ್ಲಿ ಮೊದಲ ಅವಕಾಶವನ್ನು ಮಾತ್ರ. ಗುಣದ ಪರೀಕ್ಷೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಈ ಭೇದವನ್ನು ಕಾಪಾಡಿದರೆ ದೇಶದ ತಯಾರಕನೂ ಬೆಳೆಯುತ್ತಾನೆ, ಸಾರ್ವಜನಿಕರ ಹಣವೂ ಉಳಿಯುತ್ತದೆ, ಕಾರಾಗೃಹದ ಗೋಡೆಯ ಮೇಲಿನ ಕ್ಯಾಮೆರಾ ಬೇಕಾದ ದಿನ ಸಾಕ್ಷಿ ನುಡಿಯುತ್ತದೆ, ಗ್ರಾಮದ ದೀಪ ಮಳೆಗಾಲದಲ್ಲಿಯೂ ಉರಿಯುತ್ತದೆ.